ಸಣ್ಣ ದೋಣಿಯ ಅಡ್ಮಿರಲ್

ಹುಬ್ಬಳ್ಳಿಯ ಕಮರಿಪೇಟೆಯ ಸಂದಿಗಳಿಂದ ಹೊರಬಿದ್ದು ಕಾರವಾರ ರಸ್ತೆ ಹಿಡಿದರೆ ಕಲಘಟಗಿ, ಯಲ್ಲಾಪುರ, ಅಂಕೋಲಾ ದಾಟಿ ಕಡಲು ಸಿಗುತ್ತದೆ. ನಮ್ಮ ಸೀಮೆಯ ಹತ್ತಿ ಚಕ್ಕಡಿಯೇರಿ ಘಟ್ಟ ಇಳಿಯುತ್ತಿದ್ದ ದಿಕ್ಕು ಅದು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ‘ಐಎನ್ಎಸ್ ಚಪಲ್’ ಎಂಬ ಪುಟ್ಟ ಯುದ್ಧನೌಕೆ ನಿಂತಿದೆ. ನಿಮ್ಮ ಮಕ್ಕಳು ಹತ್ತಿ ಇಳಿದಿರಬಹುದು. 1971ರ ಯುದ್ಧದಲ್ಲಿ ಪಾಕಿಸ್ತಾನದ ಕರಾಚಿಯ ಮೇಲೆ ದಾಳಿಗೆ ಹೋದದ್ದು ಇದೇ ಎನ್ನುವವರುಂಟು. ಅಲ್ಲ, ಇದು ನೌಕಾಪಡೆ ಸೇರಿದ್ದು 1976ರಲ್ಲಿ. ಆದರೆ ತಳಿ ಅದೇ, ಸೋವಿಯತ್ತಿನದು. ಆ ತಳಿಯನ್ನು ನೆಚ್ಚಿಕೊಂಡು ಸೋವಿಯತ್ ನೌಕಾಪಡೆ ಕಟ್ಟಿದವರು ಅಡ್ಮಿರಲ್ ಸೆರ್ಗೈ ಗೋರ್ಷ್ಕೋವ್.

ಹುಟ್ಟಿದ್ದು 1910ರಲ್ಲಿ, ಇಂದಿನ ಉಕ್ರೇನಿನಲ್ಲಿ. ಹದಿನೇಳಕ್ಕೆ ನೌಕಾಪಡೆ, ಮೂವತ್ತೊಂದಕ್ಕೆ ರಿಯರ್ ಅಡ್ಮಿರಲ್. ಸ್ಟಾಲಿನ್ ಹಿರಿಯ ಅಧಿಕಾರಿಗಳನ್ನು ಸಾಲುಸಾಲಾಗಿ ಮುಗಿಸಿದ್ದ ಕಾಲ. ಉಳಿದುಕೊಂಡ ಕಿರಿಯರಿಗೆ ಬಡ್ತಿ ಬೇಗ ಸಿಕ್ಕಿತು.

ಅದೃಷ್ಟವೂ ಜೊತೆಗಿತ್ತು. 1955ರ ಅಕ್ಟೋಬರಿನಲ್ಲಿ ಸೆವಾಸ್ತೊಪೋಲ್ ಬಂದರಿನಲ್ಲಿ ‘ನೊವೊರೊಸ್ಸಿಸ್ಕ್’ ಹಡಗು ಸ್ಫೋಟಗೊಂಡು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಆ ಹಡಗಿದ್ದ ಕಪ್ಪುಸಮುದ್ರ ಪಡೆಯನ್ನು ನಾಲ್ಕು ವರ್ಷ ಆಳಿದ್ದ ಗೋರ್ಷ್ಕೋವ್ ಕೆಲವೇ ತಿಂಗಳ ಹಿಂದೆ ಮಾಸ್ಕೋಗೆ ಹೋಗಿದ್ದರು. ತಲೆದಂಡ ಕೊಟ್ಟವರು ಅವರ ಮೇಲಧಿಕಾರಿ, ನೌಕಾಪಡೆಯ ಮುಖ್ಯಸ್ಥ ಕುಜ್ನೆತ್ಸೋವ್. 1956ರ ಜನವರಿಯಲ್ಲಿ ಆ ಕುರ್ಚಿ ಗೋರ್ಷ್ಕೋವ್ ಪಾಲಾಯಿತು, ಬಿಟ್ಟಿದ್ದು 1985ರಲ್ಲಿ.

ದೊಡ್ಡ ಹಡಗುಗಳೆಂದರೆ ದಂಡ ಎಂದು ಸೋವಿಯತ್ ನಾಯಕ ಕ್ರುಶ್ಚೇವ್ ಅವನ್ನು ಗುಜರಿಗೆ ಹಾಕಿಸಿದರು. ಗೋರ್ಷ್ಕೋವ್ ಎದುರು ವಾದಿಸಿ ಮನೆಗೆ ಹೋಗುವ ಪೈಕಿ ಅಲ್ಲ. ಜಲಾಂತರ್ಗಾಮಿಗಳನ್ನೂ ಕ್ಷಿಪಣಿ ದೋಣಿಗಳನ್ನೂ ಹೆಚ್ಚಿಸಿದರು. ಬ್ರೆಜ್ನೇವ್ ಅಧಿಕಾರಕ್ಕೆ ಬಂದ ಮೇಲೆ ಮೆಲ್ಲಗೆ ದೊಡ್ಡ ಹಡಗುಗಳನ್ನೂ ಕಟ್ಟಿಸಿಕೊಂಡರು. ಇದು ಜಾಣತನವೋ, ಅಂಜಿಕೆಯೋ? ನನಗಂತೂ ಮೊದಲನೆಯದೇ ಹೆಚ್ಚು ಅನ್ನಿಸುತ್ತದೆ.

ಅಂಥ ಎಂಟು ಕ್ಷಿಪಣಿ ದೋಣಿ ನಮಗೆ ಬಂದಾಗ ಅಷ್ಟು ಭಾರ ಎತ್ತುವ ಕ್ರೇನ್ ಮುಂಬೈಯಲ್ಲಿರಲಿಲ್ಲ. ಕಲ್ಕತ್ತೆಯಲ್ಲಿಳಿಸಿ, ಹಗ್ಗ ಕಟ್ಟಿ ಸಮುದ್ರದಲ್ಲಿ ಎಳೆತಂದರು. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಕರಾಚಿಯ ಹೊರಗೆ ಪಾಕಿಸ್ತಾನದ ಖೈಬರ್, ಮುಹಾಫಿಜ್ ಹಡಗುಗಳನ್ನು ಮುಳುಗಿಸಿದವು. ಅಷ್ಟು ಚಿಕ್ಕ ದೋಣಿಗಳಿಂದ ಬಿದ್ದ ಏಟು ಅದು.

ಗೋರ್ಷ್ಕೋವ್ 1988ರಲ್ಲಿ ತೀರಿಕೊಂಡರು. ‘ಬಾಕು’ ಎಂಬ ವಿಮಾನವಾಹಕ ಹಡಗಿಗೆ ಆಮೇಲೆ ಅವರ ಹೆಸರಿಟ್ಟರು. 2004ರಲ್ಲಿ ನಾವದನ್ನು ಕೊಳ್ಳಲು ಒಪ್ಪಿದೆವು. ರಿಪೇರಿ ವರ್ಷಗಟ್ಟಲೆ ಎಳೆದು, ಖರ್ಚು ದುಪ್ಪಟ್ಟು ದಾಟಿ, 2014ರ ಜನವರಿಯಲ್ಲಿ ‘ವಿಕ್ರಮಾದಿತ್ಯ’ವಾಗಿ ಕಾರವಾರದ ಕದಂಬ ನೌಕಾನೆಲೆ ಸೇರಿತು. ಹಳೆಯ ಹಡಗಿಗೆ ಹೊಸದಕ್ಕಿಂತ ಹೆಚ್ಚು ಹಣ ಸುರಿಯುತ್ತಿದ್ದೇವೆ ಎಂದು ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿ 2009ರಲ್ಲೇ ಆಕ್ಷೇಪ ಎತ್ತಿತ್ತು.