ಡಿಫರೆನ್ಷಿಯಲ್ ಸೀಲು ಸೋರಿದರೆ
(ಸಚಿನ್‌ನಲ್ಲಿ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ತಟ್ಟೆ ಲೋಟ ತೊಳೆದು ಬಂದವನಿಗೆ ಲಾರಿಯ ಉಸಾಬರಿ ಏಕೆ ಎಂದು ಕೆಲವರು ನಗಬಹುದು, ನಗಲಿ. ಇಲ್ಲಿಯ ಗಿರಣಿಗೆ ನೂಲು ಬರುವುದೂ ಹೊಟೇಲಿಗೆ ಅಕ್ಕಿ ಬೇಳೆ ಬರುವುದೂ ಲಾರಿಯಲ್ಲೇ. ಮೂಟೆಗಳ ಮೇಲೆ ಕುಳಿತು ಬರುವವರು ನಮ್ಮ ಹುಡುಗರು.

ನಮ್ಮ ಮಿತ್ರರೊಬ್ಬರ ಬಳಿ ಹಳೆಯ ಟಾಟಾ-ಮರ್ಸಿಡಿಸ್ ಲಾರಿ ಒಂದಿದೆ. ಜಮ್ಶೆಡ್‌ಪುರದಲ್ಲಿ ಇವು 1954ರಿಂದ ತಯಾರಾದವು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಹೋಗಿ ‘ಟಿ’ ಬಂತು. ಮಿತ್ರರದು ನಕ್ಷತ್ರದ ಕಾಲದ್ದು. ಅದರ ಪಿನಿಯನ್ ಸೀಲು ಸೋರತೊಡಗಿತ್ತು. “ಎಣ್ಣೆ ಸುರಿದು ಓಡಿಸು” ಎಂಬ ಸಲಹೆಗೆ ಬರವಿಲ್ಲ. ಆದರೆ ಎಣ್ಣೆ ತೀರಿದರೆ ಕ್ರೌನ್-ಪಿನಿಯನ್ ಸವೆದು ಬೇರಿಂಗ್ ಕಚ್ಚಿಕೊಳ್ಳುತ್ತದೆ, ತುಂಬಿದ ಲಾರಿಯ ಹಿಂದಿನ ಗಾಲಿ ನಡುರಸ್ತೆಯಲ್ಲಿ ಬಿಗಿಯಬಹುದು. ಗಾಲಿಯ ಕಡೆಯ ಸೀಲು ಸೋರಿದರಂತೂ ಎಣ್ಣೆ ಡ್ರಮ್ಮಿಗಿಳಿದು ಬ್ರೇಕೇ ಹಿಡಿಯದು. ಹನಿ ಎಲ್ಲಿಂದ ಎಂದು ಒರೆಸಿ ನೋಡಿರಿ.

ಮೊದಲು ಹೌಸಿಂಗಿನ ಮೇಲಿನ ಗಾಳಿಕಿಂಡಿ ಪರೀಕ್ಷಿಸಿ. ಅದು ಮಣ್ಣಿನಿಂದ ಮುಚ್ಚಿದ್ದರೆ ಒಳಗೆ ಬಿಸಿಗಾಳಿ ಒತ್ತಿ ಹೊಸ ಸೀಲನ್ನೂ ದಾಟಿ ಎಣ್ಣೆ ತಳ್ಳುತ್ತದೆ. ಪಿನಿಯನ್ ಕೈಗೆ ಅಲುಗಾಡಿದರೆ ಬೇರಿಂಗ್ ಹೋಗಿದೆ, ಬರಿ ಸೀಲು ನಿಲ್ಲದು.

ಸಮನೆಲ, ಖಾಲಿ ಲಾರಿ, ಮುಂಗಾಲಿಗಳಿಗೆ ಎರಡೂ ಕಡೆ ಅಡ್ಡಗಲ್ಲು, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ. ಬರಿ ಜಾಕಿಯನ್ನು ನಂಬಿ ಯಾರನ್ನೂ ಅಡಿಗೆ ಕಳಿಸಬೇಡಿ. ಶಾಫ್ಟ್ ಬಿಚ್ಚಿದ ಮೇಲೆ ಗೇರು ಲಾರಿಯನ್ನು ಹಿಡಿಯದು. ಇದನ್ನು ಮರೆತವರು ಬಹಳ. ಕ್ಲೀನರ್ ಅಡಿಯಲ್ಲಿ ಮಲಗಿದ ಹೊತ್ತಿಗೂ ಕೂಲಿ ಉಂಟೆಂದು ಮಾಲೀಕರಿಗೆ ಮೊದಲೇ ಹೇಳಿರಿ.

ಎಣ್ಣೆ ಇಳಿಸಿ, ಶಾಫ್ಟಿಗೂ ಫ್ಲ್ಯಾಂಜಿಗೂ ಗುರುತು ಹಾಕಿ ಬಿಚ್ಚಿರಿ. ನಟ್ಟು ಇದ್ದ ಜಾಗಕ್ಕೂ ಗುರುತು ಬೇಕು. ಫ್ಲ್ಯಾಂಜನ್ನು ಪುಲ್ಲರಿನಿಂದ ಎಳೆಯಿರಿ, ಸುತ್ತಿಗೆ ಬೇಡ. ಸೀಲು ತಾಗುವ ಜಾಗದಲ್ಲಿ ಉಗುರಿಗೆ ಗೆರೆ ಸಿಕ್ಕರೆ ಫ್ಲ್ಯಾಂಜೂ ಬದಲಾಗಬೇಕು. ಹೊಸ ಸೀಲಿನ ತುಟಿ ಎಣ್ಣೆಯ ಕಡೆಗೆ, ಅಂದರೆ ಒಳಮುಖ. ತುಟಿಗೆ ಗ್ರೀಸು ಸವರಿ, ಸೀಲಿನ ಅಳತೆಯ ಕೊಳವೆ ಇಟ್ಟು ಸುತ್ತ ಸಮನಾಗಿ ಕೂರಿಸಿರಿ. ನಟ್ಟು ಗುರುತಿಗೆ ಬಂದರೆ ಸಾಕು. ಅತಿಯಾಗಿ ಬಿಗಿದರೆ ಬೇರಿಂಗ್ ಸುಡುತ್ತದೆ.

ಎಣ್ಣೆ ಮಟ್ಟದ ತೂತಿನಿಂದ ತೊಟ್ಟಿಕ್ಕುವವರೆಗೆ ಮಾತ್ರ ತುಂಬಿ. ಒಂದು ಸುತ್ತು ನವಸಾರಿಗೆ ಓಡಿಸಿ ಬಂದು, ರಾತ್ರಿ ಹೌಸಿಂಗಿನ ಕೆಳಗೆ ಹಳೆಯ ಪತ್ರಿಕೆ ಹಾಸಿಡಿ. ಬೆಳಿಗ್ಗೆ ಕಾಗದ ಒಣಗಿದ್ದರೆ ಮೂಟೆ ಹೇರಿಸಿ.