ಮರೆವಿನ ಮನೆಯಲ್ಲಿ ಎಚ್ಚರವಿರುವವರು



ಗದಗ ತಾಲ್ಲೂಕಿನ ಅಸುಂಡಿಯಂಥ ಊರಿನಲ್ಲಿ ಒಬ್ಬ ಅಜ್ಜಿಗೆ ಮರೆವಿನ ಕಾಯಿಲೆ ಬಂತು ಎಂದುಕೊಳ್ಳಿ. ನೋಡಲು ಬಂದವರೆಲ್ಲ ಅಜ್ಜಿಯ ಕೈಹಿಡಿದು ‘ನಾ ಯಾರು ಹೇಳು ನೋಡೂಣ’ ಎಂದು ಕೇಳುತ್ತಾರೆ, ಚಹಾ ಕುಡಿಯುತ್ತಾರೆ, ಮರುಗುತ್ತಾರೆ, ಹೋಗುತ್ತಾರೆ. ಚಹಾ ತಂದುಕೊಟ್ಟ ಸೊಸೆ ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದಳೆಂದು ಕೇಳುವವರು ಕಡಿಮೆ. ಇವತ್ತಿನ ಮಾತು ಹೆಚ್ಚಾಗಿ ಆ ಸೊಸೆಯನ್ನು ಕುರಿತದ್ದು. ಕೆಲವು ಮನೆಗಳಲ್ಲಿ ಆ ಜಾಗದಲ್ಲಿ ಮಗಳಿರುತ್ತಾಳೆ, ಕೆಲವು ಕಡೆ ತಾನೇ ಮುಪ್ಪಾಗಿರುವ ಹೆಂಡತಿ, ಎಲ್ಲೋ ಒಂದೆಡೆ ಮದುವೆಯಾಗದ ಮಗ.

ಅರವತ್ತಕ್ಕೆ ಅರಳು ಮರಳು ಎಂದು ನಮ್ಮಲ್ಲಿ ಹೇಳಿಬಿಡುವುದುಂಟು. ಆದರೆ ಈ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ಮುಪ್ಪಿನ ಸಹಜ ಲಕ್ಷಣವಲ್ಲ, ಮಿದುಳಿನ ಕಾಯಿಲೆ. ಇದರಲ್ಲಿ ಹೆಚ್ಚಾಗಿ ಕಾಣುವ ಬಗೆಯನ್ನು 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಮೊದಲು ವಿವರಿಸಿದರು. ನಮ್ಮ ದೇಶದಲ್ಲಿ 60 ದಾಟಿದವರ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ಅವರಲ್ಲಿ ಶೇಕಡಾ 7.4ರಷ್ಟು ಮಂದಿಗೆ ಡಿಮೆನ್ಶಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು ಎಂದೂ ಅದೇ ಅಧ್ಯಯನ ಹೇಳುತ್ತದೆ.

ಮೊದಲ ಕೆಲಸ ವೈದ್ಯರಿಗೆ ತೋರಿಸುವುದು. ಮರೆವೆಲ್ಲ ಡಿಮೆನ್ಶಿಯಾ ಅಲ್ಲ. ಥೈರಾಯ್ಡ್ ಏರುಪೇರು, ಬಿ12 ಜೀವಸತ್ವದ ಕೊರತೆ, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ಹೆಪ್ಪುಗಟ್ಟಿದ ರಕ್ತ, ಇವುಗಳಿಂದಲೂ ಬುದ್ಧಿ ಮಂಕಾಗುತ್ತದೆ. ಚಿಕಿತ್ಸೆ ಕೊಟ್ಟರೆ ಸುಧಾರಿಸುವುದೂ ಉಂಟು. ಇನ್ನೊಂದು ಮಾತು: ನಿನ್ನೆವರೆಗೆ ಒಂದು ರೀತಿ ಇದ್ದವರು ಇವತ್ತು ಒಮ್ಮೆಲೇ ಬಡಬಡಿಸತೊಡಗಿದರೆ, ಅದು ಮೂತ್ರದ ಸೋಂಕೋ ನಿರ್ಜಲೀಕರಣವೋ ಇರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗದಗಿನಲ್ಲಿ ಜಿಮ್ಸ್ ಆಸ್ಪತ್ರೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಬ್ರೇನ್ ಹೆಲ್ತ್ ಇನಿಷಿಯೇಟಿವ್‌ನ ಕ್ಲಿನಿಕ್ಕುಗಳು ಈಗ ಜಿಲ್ಲಾ ಆಸ್ಪತ್ರೆಗಳಿಗೂ ಬಂದಿವೆ. ನಿದ್ದೆ ಬರಲಿ ಎಂದು ಮೆಡಿಕಲ್ ಶಾಪಿನಿಂದ ತಾವಾಗಿಯೇ ಗುಳಿಗೆ ತಂದು ಹಾಕಬೇಡಿ. ಗೊಂದಲ ಇನ್ನೂ ಹೆಚ್ಚುತ್ತದೆ, ರಾತ್ರಿ ಎದ್ದು ಬಿದ್ದು ಸೊಂಟ ಮುರಿದುಕೊಂಡವರಿದ್ದಾರೆ.

ಡೋನೆಪೆಜಿಲ್, ಮೆಮಾಂಟಿನ್‌ನಂಥ ಔಷಧಿಗಳಿಂದ ಕೆಲವರಿಗೆ ಕೆಲಕಾಲ ಅನುಕೂಲವಾಗುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ. ಹೀಗಾಗಿ ಚಿಕಿತ್ಸೆಯ ಬಹುಪಾಲು ಮನೆಯವರ ಕೈಯಲ್ಲೇ ಉಳಿಯುತ್ತದೆ. ಅಂಥ ಚಿಕಿತ್ಸೆ ಕೊಡುವವಳಿಗೆ ಯಾರೂ ಏನನ್ನೂ ಕಲಿಸಿರುವುದಿಲ್ಲ. ನನ್ನನ್ನು ಬಹಳ ಕಾಡುವ ಸಂಗತಿ ಇದು.

ಸಂಜೆಯ ಹೊತ್ತನ್ನೇ ನೋಡೋಣ. ದನ ಮನೆಗೆ ಬರುವ ವೇಳೆಗೆ ಅಜ್ಜಿಗೆ ಚಡಪಡಿಕೆ ಶುರುವಾಗುತ್ತದೆ. ಸೆರಗಿನಲ್ಲಿ ಏನೋ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದು, ‘ಕತ್ತಲಾತು, ನಾ ನಮ್ಮನಿಗೆ ಹೋಗಬೇಕು, ನಮ್ಮವ್ವ ಹಾದಿ ಕಾಯತಿರ್ತಾಳ’ ಅನ್ನುತ್ತಾಳೆ. ‘ಅತ್ತೀ, ಇದ ನಿಮ್ಮನಿರಿ, ನಿಮ್ಮವ್ವ ಸತ್ತು ಎಷ್ಟ ವರ್ಷಾತು!’ ಎಂದು ಸೊಸೆ ನಿಜವನ್ನೇ ಹೇಳುತ್ತಾಳೆ. ಆ ನಿಜ ಅಜ್ಜಿಗೆ ಹೊಸ ಸಾವಿನ ಸುದ್ದಿ. ಅಳುತ್ತಾಳೆ, ಸಿಟ್ಟಾಗುತ್ತಾಳೆ, ಹೊರಗೆ ನಡೆದೇಬಿಡುತ್ತಾಳೆ. ಮೊದಲ ಮಳೆಗೆ ಎರಿ ಹೊಲದ ಮೇಲ್ಮಣ್ಣು ಕೊಚ್ಚಿಹೋಗುವಂತೆ ಈ ಕಾಯಿಲೆಯಲ್ಲಿ ಇತ್ತೀಚಿನ ನೆನಪು ಮೊದಲು ಹೋಗುತ್ತದೆ, ತಳದಲ್ಲಿ ತವರು ಉಳಿದಿರುತ್ತದೆ. ಅದರ ಜೊತೆಗೆ ದಿನದ ದಣಿವು, ಮಂದ ಬೆಳಕು, ಕೆಟ್ಟ ನಿದ್ದೆ.

ಅದೇ ಸೊಸೆ, ‘ಹೋಗೂಣಂತರಿ ಅತ್ತೀ. ನಿಮ್ಮವ್ವ ಭಾಳ ಚೊಲೋ ರೊಟ್ಟಿ ಬಡೀತಿದ್ರಂತಲ್ರಿ? ಮೊದ್ಲ ಒಂದೀಟು ಚಾ ಕುಡದು ಹೋಗೂಣ್ರಿ’ ಎಂದರೆ ಎಷ್ಟೋ ಸಲ ಆ ಹೊತ್ತು ದಾಟುತ್ತದೆ. ಇದು ಸುಳ್ಳಲ್ಲವೇ ಎಂದು ಕೇಳುವವರಿದ್ದಾರೆ. ಅಜ್ಜಿ ಹುಡುಕುತ್ತಿರುವುದು ಧೈರ್ಯವನ್ನು. ಆ ಧೈರ್ಯ ಸಿಕ್ಕಿತಲ್ಲ, ಅಷ್ಟು ಸಾಕು ಎನ್ನುವುದು ನನ್ನ ಅಭಿಪ್ರಾಯ. ಕತ್ತಲಾಗುವ ಮುಂಚೆಯೇ ದೀಪ ಹಚ್ಚುವುದು, ಮಧ್ಯಾಹ್ನ ಬಹಳ ಹೊತ್ತು ಮಲಗಲು ಬಿಡದಿರುವುದು, ಬೆಳಿಗ್ಗೆ ಸ್ವಲ್ಪ ಬಿಸಿಲಿಗೆ ಕೂರಿಸುವುದು, ಇವೂ ಸಹಾಯ ಮಾಡುತ್ತವೆ. ಇಷ್ಟಾದರೂ ಒಮ್ಮೊಮ್ಮೆ ಹೊರಗೆ ಹೋಗುವವರು ಹೋಗಿಯೇ ಹೋಗುತ್ತಾರೆ. ಹೆಸರು, ಊರು, ಫೋನ್ ನಂಬರು ಬರೆದ ಬಟ್ಟೆಯ ಪಟ್ಟಿಯೊಂದನ್ನು ಕುಪ್ಪಸದ ಒಳಗೆ ಹೊಲಿಯಿರಿ. ಬಸ್ ನಿಲ್ದಾಣದ ಹತ್ತಿರದ ಅಂಗಡಿಯವರಿಗೆ ಹೇಳಿಡಿ. ನಮ್ಮ ಕಡೆಯ ಹೊಲಗಳಲ್ಲಿ ಕೃಷಿ ಹೊಂಡಗಳಿವೆ, ಅವುಗಳ ಸುತ್ತ ತಂತಿಬೇಲಿ ಇರಲೇಬೇಕು.

ಇದಕ್ಕಿಂತ ಕಠಿಣವಾದದ್ದು ಕಳವಿನ ಆರೋಪ. ಅಜ್ಜಿ ತನ್ನ ಬೋರಮಾಳ ಸರವನ್ನು ಜೋಳದ ಚೀಲದೊಳಗೆ ತಾನೇ ಬಚ್ಚಿಟ್ಟಿರುತ್ತಾಳೆ. ಇಟ್ಟದ್ದು ಅವಳ ಮಿದುಳಿನಲ್ಲಿ ದಾಖಲಾಗಿರುವುದೇ ಇಲ್ಲ. ಸರ ಕಾಣುತ್ತಿಲ್ಲ ಎಂಬುದಷ್ಟೇ ಅವಳಿಗೆ ಗೊತ್ತು, ಯಾರೋ ತೆಗೆದಿರಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತದೆ, ಹತ್ತಿರ ಇರುವವಳು ಸೊಸೆ. ‘ನನ್ನ ಬೋರಮಾಳ ಸೊಸಿ ತಗೊಂಡಾಳ’ ಎಂದು ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಮುಂದೆ ಹೇಳಿದಾಗ ಆ ಹೆಣ್ಣುಮಗಳ ಹೊಟ್ಟೆಯಲ್ಲಿ ಏನಾಗಬೇಡ! ಮೈ ತೊಳೆಸಿದವಳು, ಉಣಿಸಿದವಳು, ಹಾಸಿಗೆ ಒಗೆದವಳು ಕಳ್ಳಿಯಾಗುತ್ತಾಳೆ. ಅವಳು ವಾದ ಮಾಡದೆ ‘ಬರ್ರಿ, ಇಬ್ರೂ ಕೂಡಿ ಹುಡುಕೂಣು’ ಅನ್ನುವುದು ಒಳ್ಳೆಯದು, ಬಚ್ಚಿಡುವ ಜಾಗಗಳನ್ನು ಗುರುತಿಟ್ಟುಕೊಳ್ಳುವುದೂ ಒಳ್ಳೆಯದು. ಆದರೆ ನಿಜವಾದ ಹೊಣೆ ಕಟ್ಟೆಯ ಮೇಲೆ ಕೂತ ಉಳಿದವರದು. ಅಜ್ಜಿಯ ಮಾತನ್ನು ಹೊತ್ತುಕೊಂಡು ಓಣಿಯಲ್ಲಿ ಹಂಚಬೇಡಿ. ಮನೆಯ ಗಂಡಸರು ಹತ್ತು ಜನರೆದುರು ‘ಇದು ಕಾಯಿಲೆ, ನಮ್ಮ ಮನೆಯಾಕೆ ಏನೂ ತೆಗೆದಿಲ್ಲ’ ಎಂದು ಒಮ್ಮೆ ಬಾಯಿಬಿಟ್ಟು ಹೇಳಲಿ. ಆ ಒಂದು ಮಾತು ಅವಳಿಗೆ ಯಾವ ಗುಳಿಗೆಗಿಂತಲೂ ಹೆಚ್ಚು.

ಒಂದು ನೆಮ್ಮದಿಯ ಸಂಗತಿಯೂ ಇದೆ. ಮಕ್ಕಳ ಹೆಸರು ಮರೆತವರಿಗೂ ಹಾಡು ನೆನಪಿರುವುದುಂಟು. ಸಂಗೀತದ ನೆನಪು ಬಹಳ ಕಾಲ ಉಳಿಯುತ್ತದೆ. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಗದಗ ನಮ್ಮದು. ಬೀಸುಕಲ್ಲಿನ ಪದವೋ ಸೋಮವಾರದ ಭಜನೆಯೋ ಶುರುಮಾಡಿ ಕೊಡಿ, ಮುಂದಿನದನ್ನು ಅವರೇ ಹಾಡಿಯಾರು. ಸ್ನಾನಕ್ಕೆ ಒಲ್ಲೆ ಎನ್ನುವವರೂ ಹಾಡಿನ ಗುಂಗಿನಲ್ಲಿ ಬಚ್ಚಲಿಗೆ ಬರುವುದುಂಟು.

ಹೀಗೆ ವರ್ಷಗಟ್ಟಲೆ ನೋಡಿಕೊಂಡವಳ ಗತಿ ಏನು? ನಿದ್ದೆ ಇಲ್ಲ, ತನ್ನ ಬಿಪಿ ಗುಳಿಗೆ ತರಿಸಲು ಪುರುಸೊತ್ತಿಲ್ಲ, ತವರಿನ ಜಾತ್ರೆಗೆ ಹೋಗಿಲ್ಲ. ಒಂದು ದಿನ ತಡೆಯಲಾಗದೆ ಚೀರುತ್ತಾಳೆ, ಕೈ ಎತ್ತಿಯೂಬಿಡುತ್ತಾಳೆ, ಆಮೇಲೆ ಅಡುಗೆಮನೆಯಲ್ಲಿ ಕೂತು ಅಳುತ್ತಾಳೆ. ತಾಯೀ, ನೀವು ಕೇಳುತ್ತಿದ್ದರೆ, ಸಿಟ್ಟು ಬಂದದ್ದಕ್ಕೆ ನೀವು ಕೆಟ್ಟವರಾಗುವುದಿಲ್ಲ. ಅದು ದಣಿದ ಜೀವದ ಕೂಗು. ಆ ಹೊತ್ತಿಗೆ ಅಜ್ಜಿಯನ್ನು ಕೂರಿಸಿ, ಐದು ನಿಮಿಷ ಅಂಗಳಕ್ಕೆ ಬನ್ನಿ. ಪಕ್ಕದ ಮನೆಯವರನ್ನು ಕರೆಯಿರಿ. ನಾಚಿಕೆ ಬೇಡ.

ಇಂಥವರಿಗೆ ನೆರವಾಗಲೆಂದು ನೆರೆಯ ಗೋವಾದಲ್ಲಿ ಡಾ. ಅಮಿತ್ ಡಯಾಸ್ ಮತ್ತು ಸಂಗಡಿಗರು ಎರಡು ತಾಲ್ಲೂಕುಗಳ 81 ಕುಟುಂಬಗಳಲ್ಲಿ ಒಂದು ಪ್ರಯೋಗ ಮಾಡಿದರು. ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಇವುಗಳಲ್ಲಿ ಅರ್ಧದಷ್ಟು ಮನೆಗಳಿಗೆ ಆರು ತಿಂಗಳ ಕಾಲ ಕಳಿಸಿದರು. ಕಾಯಿಲೆಯ ಬಗ್ಗೆ ತಿಳಿಸುವುದು, ಹಟ ಸಂಭಾಳಿಸುವ ಬಗೆ ಕಲಿಸುವುದು, ಮನೆಯವರ ಗೋಳು ಕೇಳುವುದು, ಇಷ್ಟೇ ಕೆಲಸ. ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸುಧಾರಿಸಿತು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ನಮ್ಮ ಬಳ್ಳಾರಿಯಲ್ಲಂತೂ 1980ರ ದಶಕದಲ್ಲೇ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಸೇವೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಹಳ್ಳಿಗೆ ಒಯ್ದು ತೋರಿಸಿತ್ತು. 1996ರಲ್ಲಿ ಶುರುವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹಾಗಿರುವಾಗ ಅಸುಂಡಿಯ ಮನೆಬಾಗಿಲಿಗೆ ಇಂಥ ಸಹಾಯ ಬರಲಾರದೇ? ಆಶಾ ಕಾರ್ಯಕರ್ತೆಯರಿಗೆ ಇದರ ತರಬೇತಿಯನ್ನೂ ಅದಕ್ಕೆ ತಕ್ಕ ಗೌರವಧನವನ್ನೂ ಕೊಟ್ಟರೆ ಖಂಡಿತ ಬರುತ್ತದೆ.

ಕಾಗದ ಪತ್ರದ ಮಾತು ಒಂದಿಷ್ಟು. ಕಾಯಿಲೆಯ ಆರಂಭದಲ್ಲಿ, ತಿಳಿವಳಿಕೆ ನೆಟ್ಟಗಿರುವಾಗಲೇ, ಹೊಲದ ಉತಾರ, ಬ್ಯಾಂಕ್ ಖಾತೆ, ಮೃತ್ಯುಪತ್ರದ ವಿಷಯ ಅವರ ಇಷ್ಟದಂತೆ ಬರೆಸಿಡಿ. ಮುಖತ್ಯಾರ ಪತ್ರವೊಂದನ್ನೇ ನೆಚ್ಚಬೇಡಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದು ಸಾಮಾನ್ಯವಾಗಿ ಕಾನೂನಿನಲ್ಲಿ ನಿಲ್ಲುವುದಿಲ್ಲ.

ಕೊನೆಗೆ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದು ವಿನಂತಿ. ತಿಂಗಳಿಗಿಷ್ಟು ಎಂದು ದುಡ್ಡು ಕಳಿಸುತ್ತೀರಿ, ಬೇಕಾದದ್ದೇ. ಆದರೆ ತಿಂಗಳಲ್ಲಿ ಎರಡು ದಿನ ಊರಿಗೆ ಬಂದು, ಅವ್ವನ ಪಕ್ಕ ನೀವೇ ಮಲಗಿ. ನೋಡಿಕೊಳ್ಳುವವಳನ್ನು ಆ ಎರಡು ದಿನ ತವರಿಗೆ ಕಳಿಸಿ. ನೋಡಿಕೊಳ್ಳುವವರೇ, ಯಾರೂ ಬರಲಾಗದ ರಾತ್ರಿ ನಿಮ್ಮ ಮನಸ್ಸು ತೀರ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಹಿರಿಯ ನಾಗರಿಕರ ಸಹಾಯವಾಣಿಯ ನಂಬರು 14567. ಈ ಎರಡನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಈಗಲೇ ಬರೆದಿಡಿ.