ಆಮೆಯ ಬೆನ್ನಿನ ಮೇಲಿನ ನಗು

ಎಂಟು ದಿಕ್ಕಿಗೆ ಎಂಟು ಆನೆಗಳು ಭೂಮಿಯನ್ನು ಹೊತ್ತಿವೆ, ಎಲ್ಲಕ್ಕೂ ಕೆಳಗೆ ಆದಿಕೂರ್ಮ ಇದೆ ಎಂದು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವರು ನಾವು. ಹಾಗಾಗಿ ಇಂಗ್ಲೆಂಡಿನ ಟೆರ್ರಿ ಪ್ರ್ಯಾಚೆಟ್ ಬರೆದ ಕಾದಂಬರಿಯನ್ನು ಮೊದಲ ಸಲ ತೆರೆದಾಗ ನನಗೆ ಪರ ಊರಿಗೆ ಹೋದಂತೆ ಅನ್ನಿಸಲೇ ಇಲ್ಲ. ತಟ್ಟೆಯ ಹಾಗೆ ಚಪ್ಪಟೆಯಾದ ಲೋಕ. ಅದನ್ನು ಹೊತ್ತು ನಿಂತ ನಾಲ್ಕು ಆನೆಗಳು. ಆ ಆನೆಗಳನ್ನು ಬೆನ್ನ ಮೇಲಿಟ್ಟುಕೊಂಡು ನಕ್ಷತ್ರಗಳ ನಡುವೆ ಈಜುವ ಮಹಾ ಆಮೆ. ಈ ಲೋಕದ ಹೆಸರು ಡಿಸ್ಕ್‌ವರ್ಲ್ಡ್. 1983ರಲ್ಲಿ ಶುರುವಾದ ಮಾಲೆ 2015ರಲ್ಲಿ ನಿಂತಾಗ ಒಟ್ಟು 41 ಕಾದಂಬರಿಗಳಾಗಿದ್ದವು.

ಮಾಯಾಮಂತ್ರದ ಕಥೆ ಮಕ್ಕಳಿಗೆ, ಹಾಸ್ಯ ಹೊತ್ತು ಕಳೆಯಲಿಕ್ಕೆ ಎನ್ನುವ ಮಾತನ್ನು ಒಳ್ಳೆಯ ಓದುಗರೂ ಆಡುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಯಕ್ಷಗಾನದಲ್ಲಿ ದೇವೇಂದ್ರನ ಒಡ್ಡೋಲಗದಲ್ಲೂ ಹಾಸ್ಯಗಾರನಿಗೆ ಜಾಗವಿದೆ. ಕಿರೀಟ ಕಟ್ಟಿದವನ ಎದುರು ನಿಂತು, ಮುಂದೆ ಕೂತ ಜನರ ಮನಸ್ಸಿನ ಪ್ರಶ್ನೆಯನ್ನು ಜನರ ಮಾತಿನಲ್ಲೇ ಕೇಳುವವನು ಅವನು. ಪ್ರ್ಯಾಚೆಟ್ ಮಾಡಿದ್ದೂ ಅದೇ ಕೆಲಸ. ಮಂತ್ರವಾದಿ, ಡ್ರ್ಯಾಗನ್, ಅರಮನೆ ಎಲ್ಲ ಇರುವ ಕಥೆಯೊಳಗೆ ಹೊಕ್ಕು, ಈ ಊರಿನಲ್ಲಿ ಬಡವ ಹೇಗೆ ಬದುಕುತ್ತಾನೆ, ಕಾವಲು ಕಾಯುವವನಿಗೆ ಸಂಬಳ ಎಷ್ಟು ಎಂದು ಕೇಳಿದರು.

ಸಂಬಳ ತಿಂಗಳಿಗೆ 38 ಡಾಲರ್. 1993ರ 'ಮೆನ್ ಅಟ್ ಆರ್ಮ್ಸ್' ಕಾದಂಬರಿಯಲ್ಲಿ ಕಾವಲುಪಡೆಯ ಸ್ಯಾಮ್ ವೈಮ್ಸ್ ತನ್ನ ಬೂಟಿನ ಲೆಕ್ಕ ಹಾಕುತ್ತಾನೆ. ಗಟ್ಟಿ ಚರ್ಮದ ಬೂಟಿಗೆ 50 ಡಾಲರ್, ವರ್ಷಗಟ್ಟಲೆ ಬಾಳುತ್ತದೆ. ಅವನ ಕೈಗೆಟಕುವುದು 10 ಡಾಲರಿನದು. ಒಂದೆರಡು ಮಳೆಗಾಲಕ್ಕೆ ಅದರ ಅಟ್ಟೆ ಸವೆದು ಕಾಲು ನೆನೆಯುತ್ತದೆ. ಹತ್ತು ವರ್ಷದಲ್ಲಿ ಬಡವ ಬೂಟಿಗೆಂದು 100 ಡಾಲರ್ ಸುರಿದಿರುತ್ತಾನೆ, ಕಾಲು ಮಾತ್ರ ಒದ್ದೆಯೇ. ಸಾಹುಕಾರ 50 ಡಾಲರಿನಲ್ಲಿ ಬೆಚ್ಚಗಿರುತ್ತಾನೆ. ಸಾಹುಕಾರ ಸಾಹುಕಾರನಾಗಿಯೇ ಉಳಿಯುವುದಕ್ಕೆ ಅವನ ಖರ್ಚು ಕಡಿಮೆ ಇರುವುದೂ ಒಂದು ಕಾರಣ ಎಂದು ವೈಮ್ಸ್‌ಗೆ ಹೊಳೆಯುತ್ತದೆ. ಅರ್ಧ ಪುಟದಲ್ಲಿ ಮುಗಿಯುವ ಲೆಕ್ಕ ಇದು. ಬಡವರ ದಿನಸಿಯ ಬೆಲೆ ಎಷ್ಟು ಏರಿದೆ ಎಂದು ಅಳೆಯಲು 2022ರಲ್ಲಿ ಬ್ರಿಟನ್ನಿನಲ್ಲಿ ಒಂದು ಸೂಚ್ಯಂಕ ಹೊರಟಾಗ ಅದಕ್ಕೆ ಈ ವೈಮ್ಸ್‌ನ ಬೂಟಿನ ಹೆಸರನ್ನೇ ಇಟ್ಟರು.

ನನಗೆ ಎಲ್ಲಕ್ಕಿಂತ ಹತ್ತಿರದ ಪಾತ್ರ ಸಾವು. ಹೌದು, ಸಾಕ್ಷಾತ್ ಸಾವೇ ಇಲ್ಲಿ ಒಂದು ಪಾತ್ರ. ಎತ್ತರದ ಎಲುಬುಗೂಡು, ಕಣ್ಣಿನ ಗೂಡಿನಲ್ಲಿ ನೀಲಿ ಬೆಳಕು, ಕೈಯಲ್ಲಿ ಉದ್ದ ಹಿಡಿಯ ಕುಡುಗೋಲು. ಅವನ ಕುದುರೆ ಮಾತ್ರ ಮಾಂಸ ರಕ್ತ ಇರುವ ಬಿಳಿ ಕುದುರೆ, ಹೆಸರು ಬಿಂಕಿ. ಮೊದಲು ಎಲುಬಿನ ಕುದುರೆ ಏರಿ ನೋಡಿದ, ದಾರಿಯುದ್ದಕ್ಕೂ ಕಳಚಿದ ಎಲುಬನ್ನು ತಂತಿಯಲ್ಲಿ ಕಟ್ಟಬೇಕಾಯಿತು. ಬೆಂಕಿಯ ಕುದುರೆ ತಂದ, ಲಾಯವೇ ಹತ್ತಿ ಉರಿಯಿತು. ಪ್ರ್ಯಾಚೆಟ್ ನಗಿಸುವ ಬಗೆ ಇದು: ಅಸಾಧ್ಯವಾದದ್ದನ್ನು ನಂಬಿ, ಅದಕ್ಕೆ ನಿತ್ಯದ ತೊಂದರೆಗಳನ್ನೆಲ್ಲ ಜೋಡಿಸುವುದು.

1991ರ 'ರೀಪರ್ ಮ್ಯಾನ್'ನಲ್ಲಿ ಈ ಸಾವು ಕೆಲಸ ಕಳೆದುಕೊಂಡು ಒಬ್ಬ ಮುದುಕಿಯ ಹೊಲದಲ್ಲಿ ಕೂಲಿಗೆ ಸೇರುತ್ತಾನೆ. ಹುಲ್ಲು ಕೊಯ್ಯಲು ಹೇಳಿದರೆ ಒಂದೊಂದೇ ಎಳೆ ಕೊಯ್ಯುತ್ತಾನೆ. ನೋಡುವವರಿಗೆ ನಗು. ಆದರೆ ಅಷ್ಟೂ ವರ್ಷ ಅವನು ಮಾಡಿದ್ದೇನು? ಕಂತೆಗಟ್ಟಲೆ ಜನರನ್ನು ಕತ್ತರಿಸಲಿಲ್ಲ. ಪ್ರತಿಯೊಬ್ಬರ ಬಳಿಗೂ ಒಂಟಿಯಾಗಿ, ಅವರಿಗೆಂದೇ ಬಂದ. ಆ ಪುಟ ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಯಮಧರ್ಮನ ಹೆಸರಿನಲ್ಲಿರುವ 'ಧರ್ಮ' ಎನ್ನುವ ಮಾತು ಆವತ್ತು ನನಗೆ ಹೊಸದಾಗಿ ಕೇಳಿಸಿತು.

ಪ್ರ್ಯಾಚೆಟ್ ಹುಟ್ಟಿದ್ದು 1948ರಲ್ಲಿ. ಹದಿಹರೆಯದಲ್ಲೇ ಸ್ಥಳೀಯ ಪತ್ರಿಕೆಗೆ ವರದಿಗಾರರಾದರು, ಆಮೇಲೆ ವಿದ್ಯುತ್ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿಯಾಗಿದ್ದರು. ಅವರ ಜೊತೆ 'ಗುಡ್ ಓಮೆನ್ಸ್' ಬರೆದ ನೀಲ್ ಗೈಮನ್, ಪ್ರ್ಯಾಚೆಟ್ ಅವರ ಬರವಣಿಗೆಯನ್ನು ನಡೆಸುವುದು ಸಿಟ್ಟು ಎಂದಿದ್ದಾರೆ. ನನಗೂ ಅದು ನಿಜ ಅನ್ನಿಸುತ್ತದೆ. ಅನ್ಯಾಯ ಕಂಡಾಗ ಬರುವ ಸಿಟ್ಟು ಅದು. ಅವರ ನಗುವಿಗೆ ಖಾರ ಬಂದದ್ದು ಅಲ್ಲಿಂದ. 2007ರಲ್ಲಿ ಅಪರೂಪದ ಬಗೆಯ ಅಲ್ಝೈಮರ್ ಕಾಯಿಲೆ ಬಂದಿರುವುದನ್ನು ಮುಚ್ಚಿಡದೆ ಹೇಳಿದರು. ಟೈಪ್ ಮಾಡಲು ಆಗದೆ ಹೋದಾಗ ಬಾಯಲ್ಲಿ ಹೇಳಿ ಬರೆಸಿದರು. ತೀರಿಕೊಂಡದ್ದು 2015ರ ಮಾರ್ಚ್ 12ರಂದು.

ಓದಬೇಕೆಂದು ಆಸೆಯಾದವರಿಗೆ ಒಂದು ಮಾತು. ಮಾಲೆಯ ಮೊದಲ ಪುಸ್ತಕದಿಂದ ಶುರು ಮಾಡಬೇಡಿ. ಮೊದಲ ಎರಡು ಕಾದಂಬರಿಗಳು ಬೇರೆಯವರ ಮಾಯಾಲೋಕದ ಕಥೆಗಳನ್ನು ಅಣಕಿಸುವುದರಲ್ಲೇ ತೃಪ್ತಿಪಡುತ್ತವೆ. ಅಲ್ಲಿ ಪ್ರ್ಯಾಚೆಟ್ ಇನ್ನೂ ಪೂರ್ತಿ ಬಂದಿಲ್ಲ. ಸಾವಿನ ಬಳಿ ಕೆಲಸ ಕಲಿಯಲು ಸೇರುವ ಹಳ್ಳಿ ಹುಡುಗನ ಕಥೆ 'ಮಾರ್ಟ್', ಇಲ್ಲವೇ ವೈಮ್ಸ್ ಮೊದಲು ಕಾಣಿಸಿಕೊಳ್ಳುವ 'ಗಾರ್ಡ್ಸ್! ಗಾರ್ಡ್ಸ್!' ಕೈಗೆತ್ತಿಕೊಳ್ಳಿ. ಇಂಗ್ಲಿಷ್ ಸ್ವಲ್ಪ ತಿಣುಕಿಸುತ್ತದೆ, ಮೊದಲ ಐವತ್ತು ಪುಟ ತಾಳ್ಮೆಯಿಂದ ಓದಿ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಜೊತೆಯಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ.